ನೀರುನಾಯಿ ಮಂದಿಗೊಂದು ಸುದ್ದಿ

ನನ್ನ ಹೆಂಡತಿ ತೀರಿಕೊಂಡ ಸುದ್ದಿಯನ್ನು ತಿಳಿಸಬೇಕಾದವರಿಗೆಲ್ಲ ತಿಳಿಸಿ ಮುಗಿಸಿದ ಮೇಲೆ ಒಬ್ಬರು ಉಳಿದುಬಿಟ್ಟರು. ಅವರಿಗೆ ಹೆಸರಿರಲಿಲ್ಲ, ಊರಿರಲಿಲ್ಲ, ಫೋನ್ ನಂಬರೂ ಇರಲಿಲ್ಲ. ಇದ್ದದ್ದು ಒಂದು ಬಾಲ. ಆ ಹೊತ್ತಿಗೆ ಅದೂ ಹೋಗಿತ್ತು.

ಹೀಗೆ ಶುರು ಮಾಡಿದರೆ, ಪಾಪ, ಹೆಂಡತಿ ಹೋದ ಮೇಲೆ ಈ ಮನುಷ್ಯನ ತಲೆ ಕೆಟ್ಟಿದೆ ಎಂದು ನೀವು ಅಂದುಕೊಂಡರೆ ಎಂಬ ಚಿಂತೆ ನನಗೆ ಈಗಾಗಲೇ ಹತ್ತಿಕೊಂಡಿದೆ. ಚಿಂತೆ ನನಗೆ ಹೊಸದಲ್ಲ. ಮುಂಬೈ ಹೊರಗಿನ ಡೊಂಬಿವಲಿಯ ಮನೆಯಿಂದ ರಬಾಳೆಯ ಕಾರ್ಖಾನೆಗೆ ಹೋಗುವಾಗ ಠಾಣೆ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಬೇಕು. ಅಲ್ಲಿನ ಸೇತುವೆ ಹತ್ತುವಾಗ ಮನೆಯ ಗ್ಯಾಸ್ ಬಂದ್ ಮಾಡಿದೆನೇ ಎಂಬ ಚಿಂತೆ, ಇಳಿಯುವಾಗ ಸೇತುವೆ ಗಟ್ಟಿ ಇದೆಯೇ ಎಂಬ ಚಿಂತೆ. ಕಾರ್ಖಾನೆಯಲ್ಲಿ ನಾನು ಸ್ಟೋರ್ಸ್ ನೋಡಿಕೊಳ್ಳುವವನು. ಬೋಲ್ಟು, ಬೇರಿಂಗು, ಗ್ರೀಸ್ ಡಬ್ಬಿ ಮುಗಿಯುವ ಮೊದಲೇ ಮುಗಿದೀತೆಂದು ಹೆದರುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಮನೆಯಲ್ಲಿ ಅದೇ ಕೆಲಸವನ್ನು ಪುಕ್ಕಟೆ ಮಾಡುತ್ತಿದ್ದೆ.

"ನೀವು ಹೆದರಿದ್ದು ಒಂದೂ ಆಗುವುದಿಲ್ಲ ಮಾರಾಯ್ರೆ," ಅನ್ನುತ್ತಿದ್ದಳು ಅವಳು. "ಆಗುವುದೆಲ್ಲ ನೀವು ಹೆದರದೆ ಬಿಟ್ಟದ್ದೇ."

ಅವಳ ಕಿಡ್ನಿಯ ಬಗ್ಗೆ ನಾನು ಹೆದರಿರಲೇ ಇಲ್ಲ. ನಾನು ಹೆದರುತ್ತಿದ್ದದ್ದು ನನ್ನ ಹೃದಯದ ಬಗ್ಗೆ.

ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಅವಳ ಮಾತನ್ನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ತುಳುವಿನಲ್ಲಿ ಅವಳ ಬೈಗುಳ ಇದಕ್ಕಿಂತ ಚೆನ್ನಾಗಿತ್ತು ಎಂಬುದನ್ನು ಮಾತ್ರ ನೀವು ನಂಬಬೇಕು. ನಮಗೆ ಮಕ್ಕಳಿಲ್ಲ. ಹಾಗಾಗಿ ಬೈಯಲು ಅವಳಿಗೆ ನಾನೊಬ್ಬನೇ, ಹೆದರಲು ನನಗೆ ಅವಳೊಬ್ಬಳೇ.

ಕಲ್ಯಾಣ್ ಸ್ಟೇಷನ್ನಿನಿಂದ ಸ್ವಲ್ಪ ಒಳಗೆ, ಒಂದು ಟ್ರಸ್ಟಿನವರು ನಡೆಸುವ ಡಯಾಲಿಸಿಸ್ ಕೇಂದ್ರ. ಮಂಗಳವಾರ, ಗುರುವಾರ, ಶನಿವಾರ, ಮಧ್ಯಾಹ್ನದ ಪಾಳಿ. ನಾನು ಕಾರ್ಖಾನೆಯಲ್ಲಿ ಬೆಳಗಿನ ಪಾಳಿಯನ್ನು ಕಾಡಿ ಬೇಡಿ ಪಡೆದುಕೊಂಡಿದ್ದೆ. ಅದು ಮುಗಿಸಿ ಕೇಂದ್ರಕ್ಕೆ ತಲುಪುವಷ್ಟರಲ್ಲಿ ಅವಳ ರಕ್ತ ಅರ್ಧ ತೊಳೆದಾಗಿರುತ್ತಿತ್ತು. ಎಡಗೈಗೆ ಎರಡು ಸೂಜಿ. ಆ ಕೈ ಅಲುಗಾಡಿಸುವಂತಿಲ್ಲ. ಬಲಗೈಗೆ ಮಾಡಲು ಏನೂ ಇಲ್ಲ. ಎಲ್ಲಕ್ಕಿಂತ ಕಷ್ಟ ನೀರಿನದು. ತಂಬಿಗೆ ಎತ್ತಿ, ತುಟಿಗೆ ತಾಗಿಸದೆ, ಗಂಟಲಿಗೆ ಗಳಗಳನೆ ಸುರಿದುಕೊಂಡು ಬೆಳೆದ ಹೆಂಗಸು ಅವಳು. ಈಗ ದಿನದ ನೀರೆಲ್ಲ ಒಂದು ಸಣ್ಣ ಸ್ಟೀಲ್ ಲೋಟದ ಲೆಕ್ಕ. ಸೆಕೆಯಲ್ಲಿ ಐಸಿನ ಚೂರೊಂದನ್ನು ಕೆನ್ನೆಯಲ್ಲಿ ಇಟ್ಟುಕೊಂಡು, ಪಕ್ಕದ ಕಟ್ಟಡದಲ್ಲಿ ಟ್ಯಾಂಕ್ ತುಂಬಿ ಹರಿಯುವ ಸದ್ದನ್ನು ಕೇಳುತ್ತ ಮಲಗಿರುತ್ತಿದ್ದಳು. ಆ ಕಟ್ಟಡದ ಸೊಸೈಟಿಯವರ ಮೇಲೆ ಅಷ್ಟು ಸಿಟ್ಟು ಅವಳಿಗೆ ಬೇರೆ ಯಾವಾಗಲೂ ಬಂದದ್ದಿಲ್ಲ.

ಕೇಂದ್ರದ ಟೆಕ್ನಿಶಿಯನ್ ಹುಡುಗಿ ಒಂದು ದಿನ ಅವಳ ಫೋನಿಗೆ ಒಂದು ಗೇಮ್ ಹಾಕಿಕೊಟ್ಟಳು. ಬೆಟ್ಟ, ಕಾಡು, ಕೋಟೆ, ಮಂತ್ರ ಮಾಯ ಇರುವ ದೊಡ್ಡ ಲೋಕ. ಎಲ್ಲೆಲ್ಲಿಂದಲೋ ಜನ ಬಂದು ಅದರೊಳಗೆ ಓಡಾಡುತ್ತಾರೆ. ಮೊದಲು ನಾವು ಯಾವ ಕುಲದವರಾಗಬೇಕು ಎಂದು ಆರಿಸಿಕೊಳ್ಳಬೇಕು. ಚೂಪು ಕಿವಿಯ ಸುಂದರಿಯರಿದ್ದರು, ಕಬ್ಬಿಣದ ಅಂಗಿ ತೊಟ್ಟ ವೀರರಿದ್ದರು, ಗಡ್ಡದ ಕುಳ್ಳರಿದ್ದರು. ಎಲ್ಲರ ಕೊನೆಯಲ್ಲಿ, ಎರಡು ಕಾಲಿನ ಮೇಲೆ ನಿಂತ ನೀರುನಾಯಿ ಮಂದಿ. ಮೀಸೆ, ಗಿಡ್ಡ ಕಾಲು, ದಪ್ಪ ಬಾಲ, ಸೊಂಟಕ್ಕೊಂದು ತುಂಡು ಬಟ್ಟೆ, ಕಂಕುಳಲ್ಲಿ ಮೀನಿನ ಬುಟ್ಟಿ.

"ಇದು ಥೇಟ್ ನನ್ನ ಅತ್ತೆ," ಎಂದು ಅದನ್ನೇ ಒತ್ತಿದಳು. ಅತ್ತೆ ಎಂದರೆ ನನ್ನ ತಾಯಿ.

ಕಾರಣ ಆಮೇಲೆ ಹೇಳಿದಳು. ಆ ಮಂದಿ ನೀರಿನಲ್ಲಿ ಮುಳುಗಬಲ್ಲವರು. ನದಿಯ ತಳದವರೆಗೆ ಹೋಗಿ, ಹೊರಳಾಡಿ, ಬಾಯ್ತುಂಬ ನೀರು ಉಗುಳುತ್ತ ಮೇಲೆ ಬರುತ್ತಿದ್ದರು. ಬೇರೆ ಯಾವ ಕುಲಕ್ಕೂ ಅದು ಆಗುತ್ತಿರಲಿಲ್ಲ. "ನನಗಂತೂ ಕುಡಿಯುವ ಹಾಗಿಲ್ಲ. ಇದಾದರೂ ಮುಳುಗಲಿ," ಅಂದಳು.

ಮುಂಬೈ ಕಡೆಯ ನಮ್ಮ ಜನಕ್ಕೆ ಹೊಸಬರು ಯಾರು ಸಿಕ್ಕಿದರೂ ಮೊದಲು ಹುಟ್ಟುವ ಪ್ರಶ್ನೆ, ನಮ್ಮವರಾ? ಎರಡೇ ವಾರದಲ್ಲಿ ಅವಳು ಆ ಪ್ರಾಣಿಗಳನ್ನು ನಮ್ಮವರು ಎಂದು ಕರೆಯತೊಡಗಿದಳು. "ನಮ್ಮವರು ತುಂಬ ಕಡಿಮೆ, ಗೊತ್ತುಂಟಾ? ಆ ಚೂಪು ಕಿವಿಯವರದ್ದೇ ದೊಂಬಿ." ನಮ್ಮವರು ಯುದ್ಧಕ್ಕೆ ಹೋಗುವುದಿಲ್ಲ, ನಮ್ಮವರು ಮೀನು ಹಿಡಿದು ಬದುಕುತ್ತಾರೆ, ನಮ್ಮವರಲ್ಲಿ ಹೆಸರಿಡುವ ಕ್ರಮ ಇಲ್ಲ. ಮಾತೂ ಇಲ್ಲ. ಬೇರೆ ಕುಲದವರು ಅಕ್ಷರ ಒತ್ತಿ ಮಾತಾಡಬಹುದು. ಇವರಿಗೆ ಮಾತ್ರ ನಾಲ್ಕಾರು ಬಗೆಯ ಸಿಳ್ಳೆ. ಇನ್ನೊಂದು ತಾಪತ್ರಯವೂ ಇತ್ತು. ಕಾಡಿನ ದಾರಿಯಲ್ಲಿ ನಡೆದರೆ ಅವರ ತುಪ್ಪಳಕ್ಕೆ ಅಂಟುಮುಳ್ಳು ಹತ್ತುತ್ತಿತ್ತು. ಹೆಚ್ಚು ಹತ್ತಿದರೆ ಈಜಲು ಬರುವುದಿಲ್ಲ. ಎದೆಯ ಮುಳ್ಳನ್ನು ತಾವೇ ಕಿತ್ತುಕೊಳ್ಳಬಹುದು. ಬೆನ್ನಿನದಕ್ಕೆ ಇನ್ನೊಂದು ನೀರುನಾಯಿಯೇ ಬೇಕು. ಈ ಕಿರಿಕಿರಿ ಯಾರಿಗೆ ಬೇಕೆಂದು ಹುಡುಗರು ಆ ಕುಲದ ತಂಟೆಗೇ ಹೋಗುತ್ತಿರಲಿಲ್ಲ.

ಪಕ್ಕದ ಹಾಸಿಗೆಯವನಿಗೆ ಇದೆಲ್ಲ ದಿನದ ನಾಟಕ. ಕಲಬುರಗಿ ಕಡೆಯವನು, ಶಹಾಡಿನ ಒಂದು ಕಾರ್ಖಾನೆಯಲ್ಲಿ ಮೂಟೆ ಹೊತ್ತವನು, ಕಿಡ್ನಿ ಹೋದ ಮೇಲೆ ಅದೇ ಕಾರ್ಖಾನೆಯ ಗೇಟಿನಲ್ಲಿ ಕೂತವನು. ವಯಸ್ಸು ನನ್ನಷ್ಟೇ, ಬಾಯಿ ನನ್ನ ಹತ್ತರಷ್ಟು.

"ಅಕ್ಕಾರ, ನಿಮ್ಮ ಮುಂಗ್ಲಿ ಇವತ್ತ ಎಲ್ಲಿ ಹೊಂಟದ?"

"ಮುಂಗುಸಿ ಅಲ್ಲ ಇದು, ನೀರುನಾಯಿ."

"ಯಾವುದರ ಆಗ್ಲಿ. ಅದಕ್ಕರ ಒಂದ್ ನಾಕ್ ಮೀನ ಹೆಚ್ಚಿಗಿ ಹಿಡೀಲಿಕ್ಕ ಹೇಳ್ರಿ. ಅಣ್ಣಾರ ಸೊರಗ್ಯಾರ."

ಮುಳ್ಳಿನ ದೆಸೆಯಿಂದಲೇ ಅವಳಿಗೆ ಆ ಗೆಳತಿ ಸಿಕ್ಕಿದ್ದು. ಬೆನ್ನ ತುಂಬ ಮುಳ್ಳು ಹತ್ತಿಸಿಕೊಂಡು ಇವಳ ನೀರುನಾಯಿ ನದಿಯಂಚಿನಲ್ಲಿ ದಿಕ್ಕೆಟ್ಟು ನಿಂತಿದ್ದಾಗ, ಇನ್ನೊಂದು ಬಂದು ಹಿಂದೆ ಕೂತು ಒಂದೊಂದಾಗಿ ಕಿತ್ತಿತಂತೆ. ಎಡಗಿವಿ ಅರ್ಧ ಹರಿದದ್ದು, ಗಂಟಲಲ್ಲಿ ಬಿಳಿ ಮಚ್ಚೆ. ಆ ಮಂದಿಗೆ ಗುರುತು ಎಂದರೆ ಅಷ್ಟೇ. ಗುರುವಾರ ಅದೇ ಜಾಗದಲ್ಲಿ ಮತ್ತೆ ಸಿಕ್ಕಿತು. ಶನಿವಾರವೂ. ಭಾನುವಾರ ಇವಳು ಮನೆಯಿಂದ ನೋಡಿದಳು, ಇರಲಿಲ್ಲ. ಮಂಗಳವಾರ ಇತ್ತು.

"ಇವರೇ, ಅವಳಿಗೂ ಎಲ್ಲಿಯೋ ಸೂಜಿ ಚುಚ್ಚಿ ಮಲಗಿಸಿದ್ದಾರೆ," ಎಂದಳು ನನ್ನಲ್ಲಿ, ದೊಡ್ಡ ಗುಟ್ಟಿನ ಹಾಗೆ. "ಆಟವೂ ಒಂದು ಕೈಯದ್ದೇ. ನನ್ನ ಹಾಗೆ ಮೆಲ್ಲ."

"ಕಾಲೇಜು ತಪ್ಪಿಸಿದ ಪೋಕರಿ ಇರಬಹುದು. ಆಮೇಲೆ ಓಟಿಪಿ ಕೇಳುತ್ತಾರೆ, ಜಾಗ್ರತೆ."

"ಮಾತೇ ಬಾರದ್ದು ಓಟಿಪಿ ಹೇಗೆ ಕೇಳುತ್ತದೆ? ಸಿಳ್ಳೆ ಹಾಕಿಯಾ?"

ಪಕ್ಕದ ಹಾಸಿಗೆಯವನು ಎಷ್ಟು ನಕ್ಕನೆಂದರೆ ಅವನ ಮೆಷಿನ್ ಕೂಗಿಕೊಂಡಿತು. ನಾನು ಅಷ್ಟಕ್ಕೇ ಬಿಡದೆ ಬ್ಯಾಂಕಿಗೆ ಹೋಗಿ ಅವಳ ಫೋನಿನ ವ್ಯವಹಾರವನ್ನೆಲ್ಲ ಬಂದ್ ಮಾಡಿಸಿ ಬಂದೆ.

ಒಂದೂವರೆ ವರ್ಷ ಹೀಗೆ ನಡೆಯಿತು. ಅವರು ಮಾಡುತ್ತಿದ್ದದ್ದು ಬಹಳ ಕಡಿಮೆ. ಒಂದು ಸುತ್ತು ಕಾಡು, ಬೆನ್ನಿನ ಮುಳ್ಳು, ಒಂದು ಮುಳುಗು, ಬಂಡೆಯ ಮೇಲೆ ಬಿಸಿಲು. ನಾನು ಬಂದಾಗ ಅವಳು ಫೋನನ್ನು ನನ್ನ ಕಡೆ ತಿರುಗಿಸುತ್ತಿದ್ದಳು. ಎರಡು ಕಂದು ಬೆನ್ನುಗಳು ಪಕ್ಕಪಕ್ಕ ಕೂತಿರುತ್ತಿದ್ದವು, ಸಂಜೆಗೆ ಬಾಲ್ಕನಿಯಲ್ಲಿ ಕೂತ ಇಬ್ಬರು ಹೆಂಗಸರ ಹಾಗೆ. ಒಮ್ಮೆ ಅವಳ ರಕ್ತದೊತ್ತಡ ಇಳಿದು ಕಣ್ಣು ಕತ್ತಲಾಗಿ ಫೋನ್ ಜಾರಿಬಿತ್ತು. ಹುಷಾರಾದ ಮೇಲೆ ನೋಡಿದರೆ ಗೆಳತಿ ಅಲ್ಲಿಯೇ ಇದ್ದಳು, ಕದಲದೆ ನಿಂತಿದ್ದ ಇವಳ ನೀರುನಾಯಿಯ ಸುತ್ತ ಸಿಳ್ಳೆ ಹಾಕುತ್ತ ತಿರುಗುತ್ತಿದ್ದಳು. ಆ ದಿನ ನನಗೂ ಅದು ಪೋಕರಿ ಹುಡುಗ ಅನ್ನಿಸಲಿಲ್ಲ.

ಆಮೇಲೆ ಆ ಗೇಮಿನವರು ನೀರುನಾಯಿ ಮಂದಿಯನ್ನು ತೆಗೆದುಬಿಟ್ಟರು.

ಆಡುವವರು ಕಡಿಮೆ ಎಂಬುದು ಕಾರಣವಿರಬೇಕು. ಅವರು ಹಾಗೆ ಹೇಳಲಿಲ್ಲ, ಕತೆ ಕಟ್ಟಿದ್ದರು. ಒಂದು ಮುಂಜಾವಿನಲ್ಲಿ ಆ ಪ್ರಾಚೀನ ಕುಲ ನದಿಯ ಕೆಳಗಿನ ದಾರಿ ಹಿಡಿದು ಹೊರಟುಹೋಯಿತು, ಎಲ್ಲಿಗೆಂದು ಯಾರಿಗೂ ತಿಳಿಯದು ಎಂದು ಪರದೆಯ ಮೇಲೆ ಬಂತು, ಕೊಳಲಿನ ಸದ್ದಿನ ಜೊತೆ. ಗುಡಿಸಲುಗಳು ಹಾಗೇ ಇದ್ದವು. ಒಲೆಯಲ್ಲಿ ಹೊಗೆ ಆಡುತ್ತಿತ್ತು. ಒಣಹಾಕಿದ ಮೀನು ದಾರದಲ್ಲಿ ತೂಗುತ್ತಿತ್ತು. ನೀರುನಾಯಿಯಾಗಿ ಆಡುತ್ತಿದ್ದವರನ್ನೆಲ್ಲ ಪುಕ್ಕಟೆಯಾಗಿ ಮನುಷ್ಯರನ್ನಾಗಿ ಮಾಡಿದ್ದರು, ತಲೆಗೊಂದು ಹೆಸರನ್ನೂ ಇಟ್ಟಿದ್ದರು.

ಅವಳು ಫೋನ್ ತೆರೆದರೆ ಎತ್ತರದ, ಸಣ್ಣ ನಡುವಿನ, ಕೂದಲು ಬಿಚ್ಚಿ ಹಾರಿಬಿಟ್ಟ ಹೆಂಗಸೊಬ್ಬಳು ನಿಂತಿದ್ದಳು.

"ಯಾರು ಇದು?" ಎಂದಳು. "ಇವಳಿಗೆ ತಲೆ ಬಾಚಲು ಬರುವುದಿಲ್ಲವಾ?"

ಮೊದಲ ದಿನ ನಕ್ಕಳು. ಆ ಹೆಂಗಸನ್ನು ನದಿಗೆ ಇಳಿಸಿ ನೋಡಿದಳು. ಸೊಂಟದವರೆಗೆ ಹೋಗಿ ಕೈಕಾಲು ಬಡಿದು ಮುಳುಗಿ ಸತ್ತಳು, ದಡದಲ್ಲಿ ಮತ್ತೆ ಹುಟ್ಟಿದಳು. ಪಕ್ಕದ ಹಾಸಿಗೆಯವನು, "ಛಲೋ ಆಯ್ತಲ್ರೀ ಅಕ್ಕಾರ, ಬಾಲ ಹೋಗಿ ಜಡಿ ಬಂತು," ಎಂದ. ಅವಳು ಅದಕ್ಕೂ ನಕ್ಕಳು. ಆಮೇಲೆ ನದಿಯಂಚಿನಲ್ಲಿ ಗೆಳತಿಗಾಗಿ ಕಾದಳು. ಗುರುವಾರವೂ ಕಾದಳು. ಅಲ್ಲಿ ಜನ ಬರುತ್ತಿದ್ದರು, ಹೋಗುತ್ತಿದ್ದರು, ಎಲ್ಲರೂ ಎತ್ತರ, ಎಲ್ಲರಿಗೂ ಸಣ್ಣ ನಡು, ಎಲ್ಲರ ಕಿವಿಯೂ ಸರಿಯಾಗಿತ್ತು. ಅವರಲ್ಲಿ ಯಾರು ಅವಳು? ಈಗ ಮಾತಾಡಬಹುದಿತ್ತು, ಅಕ್ಷರ ಒತ್ತಬಹುದಿತ್ತು. ಆದರೆ ಅವಳಿಗೆ ಇಟ್ಟ ಹೊಸ ಹೆಸರು ಯಾವುದೆಂದು ಯಾರಿಗೆ ಗೊತ್ತು? ಒಂದಿಬ್ಬರಿಗೆ "ಹಾಯ್" ಎಂದು ಒತ್ತಿದಳು. ಒಬ್ಬ ಕತ್ತಿ ಮಾರಲು ಬಂದ. ಇನ್ನೊಬ್ಬ ಏನು ಕೇಳಿದನೋ, ಅವಳು ತಟ್ಟನೆ ಫೋನನ್ನು ಬೋರಲು ಹಾಕಿದಳು.

"ಅವಳೂ ಹುಡುಕುತ್ತಿರಬಹುದು," ಅಂದಳು ಒಂದು ದಿನ. "ನನ್ನ ಎದುರಿಗೇ ಹತ್ತು ಸಲ ಹಾದು ಹೋಗಿರಬಹುದು. ನಾನು ಈ ಕೂದಲು ಬಿಚ್ಚಿದವಳು ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?"

ನನ್ನ ಬಳಿ ಪ್ರತಿ ಸಮಸ್ಯೆಗೂ ಒಂದು ಚಿಂತೆ ಇರುತ್ತದೆ, ಉತ್ತರ ಇರುವುದಿಲ್ಲ. ಬೇರೆ ಗೇಮ್ ಹಾಕಿಸೋಣವೇ ಎಂದೆ. ಅವಳು ನನ್ನನ್ನು ನೋಡಿದ ರೀತಿ, ಗಂಡ ಸತ್ತವಳ ಮುಂದೆ ನಾನು ವರನ ಫೋಟೋ ಇಟ್ಟಿದ್ದೇನೋ ಎಂಬಂತಿತ್ತು.

ಸ್ವಲ್ಪ ದಿನದಲ್ಲಿ ಅವಳು ಆಟ ನಿಲ್ಲಿಸಿದಳು. ಕಣ್ಣು ಮುಚ್ಚಿ ಮಲಗುತ್ತಿದ್ದಳು, ನಿದ್ದೆಯಲ್ಲ. ಪಕ್ಕದ ಹಾಸಿಗೆಯವನು ಕೆಣಕುವುದನ್ನು ಬಿಟ್ಟ. ನಾನು ಪೇಪರ್ ಓದಿ ಹೇಳಿದರೆ ಹ್ಞೂಂ ಅನ್ನುತ್ತಿದ್ದಳು. ಒಮ್ಮೆ ಮಾತ್ರ, ಕಣ್ಣು ತೆರೆಯದೆ, "ಬೆನ್ನಿನದ್ದು ಯಾರು ತೆಗೆಯುತ್ತಾರೋ ಈಗ," ಅಂದಳು. ಯಾರ ಬೆನ್ನಿನದ್ದು ಎಂದು ನಾನು ಕೇಳಲಿಲ್ಲ. ಮಳೆಗಾಲದಲ್ಲಿ ಜ್ವರ ಬಂತು, ಎದೆಗೆ ಇಳಿಯಿತು. ಆಸ್ಪತ್ರೆಗೆ ಸೇರಿಸಿದೆವು. ನಾನು ಹೆದರಬೇಕಾದ್ದಕ್ಕೆಲ್ಲ ಹೆದರಿದೆ, ಒಂದನ್ನೂ ಬಿಡಲಿಲ್ಲ, ಅವಳ ಲೆಕ್ಕದ ಪ್ರಕಾರ ಆಗ ಏನೂ ಆಗಬಾರದಿತ್ತು. ಆಯಿತು.

ಸಾವಿನ ಸುದ್ದಿಯ ವಿಷಯದಲ್ಲಿ ಅವಳದು ಕಟ್ಟುನಿಟ್ಟು. ನಮ್ಮ ಮಾವನೊಬ್ಬರು ಹೋದಾಗ ಅವರ ಮಕ್ಕಳು ಫೋಟೋಕ್ಕೆ ಹಾರ ಹಾಕಿ ವಾಟ್ಸಾಪಿನಲ್ಲಿ ಬಿಟ್ಟದ್ದಕ್ಕೆ ಅವಳು ಕೆಂಡವಾಗಿದ್ದಳು. "ಸತ್ತದ್ದನ್ನು ವಾಟ್ಸಾಪಲ್ಲಿ ಹೇಳುವುದಾ? ಅದೆಂತ ನಾಳೆ ನೀರು ಬರುವುದಿಲ್ಲ ಎನ್ನುವ ಸುದ್ದಿಯಾ?" ಒಬ್ಬೊಬ್ಬರಿಗೂ ಫೋನ್ ಮಾಡಿ, ಅವರು ಅತ್ತರೆ ಅಳಲು ಬಿಟ್ಟು, ಬೊಜ್ಜದ ದಿನ ಹೇಳಿ, ಬನ್ನಿ ಎನ್ನಬೇಕು. ನಮ್ಮಲ್ಲಿ ಉತ್ತರಕ್ರಿಯೆಯ ಊಟಕ್ಕೆ ಬೊಜ್ಜ ಎನ್ನುತ್ತಾರೆ. ಸತ್ತವರಿಗೆ ಬೇಕಾದವರು ಯಾರೂ ತಿಳಿಯದೆ ಉಳಿಯಬಾರದು, ತಿಳಿಯದವರು ಅವರನ್ನು ಇದ್ದಾರೆಂದೇ ಕಾಯುತ್ತಾರೆ, ಅದು ಇಬ್ಬರಿಗೂ ಹಿಂಸೆ ಎಂದು ಅವಳ ವಾದ.

ಹಾಗಾಗಿ ನಾನು ಎಲ್ಲರಿಗೂ ಹೇಳಿದೆ. ಊರಿನವರಿಗೆ, ಡೊಂಬಿವಲಿಯ ಭಜನಾ ಮಂಡಳಿಯ ಹೆಂಗಸರಿಗೆ, ಮಾರ್ಕೆಟಿನಲ್ಲಿ ಅವಳಿಗೆ ಬಂಗುಡೆ ತೆಗೆದಿಡುತ್ತಿದ್ದ, ಮೀನು ಮಾರುವ ಕೋಲಿ ಜಾತಿಯ ಹೆಂಗಸಿಗೆ. ಆಕೆ ಮೀನಿನ ಕೈಯಲ್ಲೇ ಕಣ್ಣು ಒರೆಸಿಕೊಂಡು, ಇನ್ನು ಯಾರಿಗೆ ತೆಗೆದಿಡಲಿ ಎಂದು ಮರಾಠಿಯಲ್ಲಿ ನನ್ನನ್ನೇ ಬೈದಳು. ಬೊಜ್ಜದ ದಿನ ಬಾಡಿಗೆಯ ಹಾಲಿನಲ್ಲಿ ಎಲೆ ಹಾಕಿ ಬಡಿಸುವಾಗ ನನಗೆ ಥಟ್ಟನೆ ಹೊಳೆಯಿತು, ಒಬ್ಬರಿಗೆ ಹೇಳಿಲ್ಲ. ಎಡಗಿವಿ ಹರಿದವಳಿಗೆ. ಕಲಸಿದ ಅನ್ನವನ್ನು ಎಲೆಯಲ್ಲೇ ಬಿಟ್ಟೆ.

ಪಕ್ಕದ ಎಲೆಯಲ್ಲಿ ನನ್ನ ಹೆಂಡತಿಯ ದೊಡ್ಡಮ್ಮನ ಮಗ. ಸೀವುಡ್ಸಿನಲ್ಲಿ ಸ್ಟೇಷನ್ನಿಗೆ ಹತ್ತಿರದ ಒಂದು ಗಾಜಿನ ಕಟ್ಟಡದಲ್ಲಿ ಕ್ಯಾಂಟೀನ್ ನಡೆಸುತ್ತಾನೆ. ಏನಾಯಿತು ಭಾವ ಎಂದು ಕೇಳಿದ. ದುಃಖದಲ್ಲಿದ್ದವನಿಗೆ ನಾಚಿಕೆ ಕಡಿಮೆ, ಎಲ್ಲ ಹೇಳಿದೆ. ಅವನು ನಗಲಿಲ್ಲ. ಗೇಮಿನ ಹೆಸರು ಕೇಳಿದವನೇ ಎದ್ದು ಕೈತೊಳೆದು ಬಂದ.

"ಅದಾ? ಅದರ ಕಂಪ್ಲೇಂಟ್ ನೋಡುವ ಆಫೀಸು ನಮ್ಮ ಬಿಲ್ಡಿಂಗಿನಲ್ಲೇ ಉಂಟು ಭಾವ. ಬೆಳಗ್ಗಿನ ತಿಂಡಿ ನಮ್ಮದೇ. ನನ್ನ ಇಡ್ಲಿ ತಿಂದವರು ನನಗೆ ಇಲ್ಲ ಅನ್ನುವುದುಂಟಾ?"

ಇದನ್ನು ಓದುವ ಬೇರೆಯವರಿಗೆ ಇದು ಹುಚ್ಚಾಗಿ ಕಾಣಬಹುದು. ನಮ್ಮವರಿಗೆ ಕಾಣುವುದಿಲ್ಲ. ಈ ಊರಿನಲ್ಲಿ ನಮ್ಮವರು ಯಾವ ಆಫೀಸಿಗೂ ಮುಂಬಾಗಿಲಿನಿಂದ ಹೋದದ್ದನ್ನು ನಾನು ಕಂಡಿಲ್ಲ. ಗ್ಯಾಸ್ ಕನೆಕ್ಷನ್ ಇರಲಿ, ಶಾಲೆಯ ಸೀಟಿರಲಿ, ದೊಡ್ಡ ಡಾಕ್ಟರ ಅಪಾಯಿಂಟ್‌ಮೆಂಟ್ ಇರಲಿ, ಆ ಕಟ್ಟಡದ ಕ್ಯಾಂಟೀನ್ ಯಾರದ್ದು ಎಂದು ಮೊದಲು ವಿಚಾರಿಸುವುದು. ಅಡುಗೆಮನೆಯ ಬಾಗಿಲಿನಿಂದ ಒಳಗೆ ಹೋದರೆ ಸಾಹೇಬರು ಊಟಕ್ಕೆ ಕೂತಿರುತ್ತಾರೆ, ಕೆಲಸ ಆಗುತ್ತದೆ. ಅದೇ ಬಾಗಿಲಿನಿಂದ ಹೋಗಿ, ಲೋಕದಿಂದಲೇ ಅಳಿದುಹೋದ ಕುಲದ ಒಂದು ನೀರುನಾಯಿಯನ್ನೂ ಹುಡುಕಿಸಬಹುದು ಎಂದು ನಾವಿಬ್ಬರೂ ಪ್ರಾಮಾಣಿಕವಾಗಿ ನಂಬಿದೆವು.

ಠಾಣೆಯಲ್ಲಿ ಗಾಡಿ ಬದಲಿಸಿದೆ. ರಬಾಳೆಯಲ್ಲಿ ಕಾಲು ತಾನಾಗಿ ಇಳಿಯಲು ಹೊರಟಿತು, ತಡೆದು ಕೂರಿಸಿದೆ. ಸೀವುಡ್ಸಿನ ಕ್ಯಾಂಟೀನಿನಲ್ಲಿ ಚಹಾದ ಹೊತ್ತು. ಭಾವಮೈದ ಒಬ್ಬ ಹುಡುಗಿಯನ್ನು ಕರೆತಂದು ನನ್ನ ಎದುರು ಕೂರಿಸಿ, ಮಧ್ಯೆ ಒಂದು ತಟ್ಟೆ ಗೋಳಿಬಜೆ ಇಟ್ಟ.

"ಇವಳು ನಮ್ಮವಳೇ ಭಾವ. ಅಪ್ಪ ವಿಜಯಪುರದ ಕಡೆಯವರು. ಕನ್ನಡ ಬರ್ತದೆ."

"ಸಮಝ್ ಮೇ ಆತಾ ಹೈ ಅಂಕಲ್, ಬೋಲ್‌ನೇ ಕೋ ನಹೀ ಆತಾ," ಎಂದಳು ಆ ಹುಡುಗಿ, ನಾಚಿ. ಅರ್ಥವಾಗುತ್ತದೆ, ಆಡಲು ಬರುವುದಿಲ್ಲ. ಹುಟ್ಟಿ ಬೆಳೆದದ್ದು ಕೋಪರ್‌ಖೈರಣೆಯಲ್ಲಂತೆ. ಹಾಗಾಗಿ ನಾನು ಕನ್ನಡದಲ್ಲಿ ಹೇಳಿದೆ, ಅವಳು ಹಿಂದಿಯಲ್ಲಿ ಕೇಳಿದಳು.

"ಯಾರನ್ನು ಹುಡುಕಬೇಕು, ಐಡಿ ಇದೆಯೇ" ಎಂದಳು.

"ಇಲ್ಲ."

"ನಾಮ್?"

"ಅವರಲ್ಲಿ ಹೆಸರಿಡುವ ಕ್ರಮ ಇಲ್ಲ."

"ಫಿರ್?"

"ಎಡಗಿವಿ ಅರ್ಧ ಹರಿದಿದೆ. ಗಂಟಲಲ್ಲಿ ಬಿಳಿ ಮಚ್ಚೆ."

ಆಫೀಸಿನ ಉಡುಪಿನಲ್ಲಿ, ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು, ಬಾಯಲ್ಲಿ ಗೋಳಿಬಜೆ ಇಟ್ಟುಕೊಂಡಿದ್ದ ಆ ಹುಡುಗಿ ಅಗಿಯುವುದನ್ನು ನಿಲ್ಲಿಸಿದಳು. ಭಾವಮೈದನಿಗೆ ಅದು ಒಳ್ಳೆಯ ಲಕ್ಷಣವಾಗಿ ಕಂಡಿರಬೇಕು. ತಟ್ಟೆಗೆ ಇನ್ನೆರಡು ಹಾಕಿ, "ಸ್ವಲ್ಪ ಕಂಪ್ಯೂಟರಲ್ಲಿ ಹಾಕಿ ನೋಡು ಮಗಾ. ನಮ್ಮ ಅಕ್ಕನ ಫ್ರೆಂಡು," ಎಂದ.

ಅವಳು ತಾಳ್ಮೆಯಿಂದ ತಿಳಿಸಿದಳು. ಅವರ ಬಳಿ ಅಂಥ ಕಂಪ್ಯೂಟರ್ ಇಲ್ಲ. ದುಡ್ಡು ಕಟ್ಟಿದರೂ ಕತ್ತಿ ಬರಲಿಲ್ಲ, ಪಾಸ್‌ವರ್ಡ್ ಮರೆತುಹೋಯಿತು ಎಂದು ಬರೆಯುವವರಿಗೆ ಉತ್ತರ ಕಳಿಸುವುದಷ್ಟೇ ಕೆಲಸ. ಉತ್ತರವನ್ನೂ ಬೇರೆ ಯಾರೋ ಬರೆದಿಟ್ಟಿರುತ್ತಾರೆ. ಗೇಮ್ ಮಾಡಿದವರು ಇರುವುದು ಬೇರೆ ದೇಶದಲ್ಲಿ. ಅವರನ್ನು ಇವಳು ಕಂಡಿಲ್ಲ. ನೀರುನಾಯಿ ಮಂದಿಯ ಹಳೆಯ ರೂಪ, ಮಚ್ಚೆ, ಕಿವಿ, ಯಾವುದೂ ಎಲ್ಲಿಯೂ ಉಳಿದಿಲ್ಲ.

"ಕೆಲವರು ಬರೆದಿದ್ದರು, ಅವರನ್ನು ವಾಪಸ್ ತನ್ನಿ ಎಂದು," ಎಂದಳು. ನನ್ನ ಮುಖ ನೋಡಿ ಏನಾದರೂ ಒಳ್ಳೆಯದು ಹೇಳಬೇಕು ಅನ್ನಿಸಿತೋ ಏನೋ, "ಲೇಕಿನ್ ಅಂಕಲ್, ಅಬ್ ಸಬ್ ಇನ್ಸಾನ್ ಹೈ ನಾ. ಅಬ್ ಕಾಂಟಾ ಭೀ ನಹೀ ಲಗ್ತಾ," ಎಂದು ಸೇರಿಸಿದಳು. ಈಗ ಎಲ್ಲರೂ ಮನುಷ್ಯರಲ್ಲವೇ, ಇನ್ನು ಮುಳ್ಳೂ ಹತ್ತುವುದಿಲ್ಲ.

ನಾನು ಕಿಟಕಿಯ ಕಡೆ ತಿರುಗಿ ಮೂಗು ಒರೆಸಿಕೊಂಡೆ. ಭಾವಮೈದ ಗಲ್ಲಾದ ಹತ್ತಿರ ಹೋಗಿ ಯಾರನ್ನೋ ಸುಮ್ಮನೆ ಬೈಯತೊಡಗಿದ. ಅವನ ಇಡ್ಲಿಯ ಮರ್ಯಾದೆ ಹೋಗಿತ್ತು.

ಹುಡುಗಿ ಎದ್ದು ಹ್ಯಾಂಡ್‌ವಾಶ್ ಹಾಕಿ ಕೈತೊಳೆದು ಬಂದಳು. ನನ್ನ ಜೇಬಿನಲ್ಲಿದ್ದ ನನ್ನ ಹೆಂಡತಿಯ ಫೋನನ್ನು ತೆಗೆಸಿ, ಗೇಮ್ ತೆರೆದು, ಎಲ್ಲಿ ಒತ್ತಿದರೆ ನಡೆಯುತ್ತದೆ, ಎಲ್ಲಿ ಒತ್ತಿದರೆ ಅಕ್ಷರ ಬರುತ್ತದೆ ಎಂದು ತೋರಿಸಿದಳು. ಆಂಟಿ ಎಲ್ಲಿ ಕೂರುತ್ತಿದ್ದರೋ ಅಲ್ಲಿಗೆ, ಆಂಟಿ ಬರುತ್ತಿದ್ದ ಹೊತ್ತಿಗೇ ಹೋಗಿ ನೀವೇ ಹೇಳಿಬಿಡಿ, ಅವರು ಬಂದರೆ ಓದುತ್ತಾರೆ ಎಂದಳು. ಅವಳ ಚಹಾದ ಹೊತ್ತು ಮುಗಿದಿತ್ತು. ಹೋಗುವಾಗ ನನ್ನ ಭುಜ ಮುಟ್ಟಿ ಏನೋ ಕನ್ನಡದಲ್ಲಿ ಹೇಳಲು ಹೊರಟು, ಬಾರದೆ, ಸಾರಿ ಅಂಕಲ್ ಎಂದು ಲಿಫ್ಟಿಗೆ ಓಡಿದಳು.

ಮಂಗಳವಾರ ಪಾಳಿ ಮುಗಿಸಿದವನು ಡೊಂಬಿವಲಿಯಲ್ಲಿ ಇಳಿಯದೆ ಕಲ್ಯಾಣಿಗೇ ಹೋದೆ. ಮನೆಯಲ್ಲಿ ಕೂತು ಆ ಕೆಲಸ ಮಾಡಲು ಧೈರ್ಯವಾಗಲಿಲ್ಲ. ಕೇಂದ್ರದಲ್ಲಿ ಅವಳ ಹಾಸಿಗೆಯಲ್ಲಿ ಯಾರೋ ಮುದುಕರು ಮಲಗಿದ್ದರು. ಕಲಬುರಗಿಯವನು ನನ್ನನ್ನು ನೋಡಿ, ಏಕೆ ಬಂದಿರಿ ಎಂದು ಕೇಳದೆ, ಬಲಗೈಯಿಂದ ಸ್ಟೂಲನ್ನು ಎಳೆದ.

"ಕುಂದರ್ರಿ ಅಣ್ಣಾರ."

ಫೋನ್ ತೆರೆದೆ. ಕೂದಲು ಬಿಚ್ಚಿದವಳು ನದಿಯಂಚಿನಲ್ಲಿಯೇ ನಿಂತಿದ್ದಳು, ನನ್ನ ಹೆಂಡತಿ ಬಿಟ್ಟುಹೋದ ಜಾಗದಲ್ಲಿ. ನಾನು ನಡೆಸಲು ಹೋದೆ, ಅವಳು ಹೋಗಿ ಮರಕ್ಕೆ ಮುಖ ಹಚ್ಚಿ ನಿಂತಳು. ತಿರುಗಿಸಲು ಹೋದೆ, ಪರದೆಯ ತುಂಬ ಆಕಾಶ ಬಂತು.

"ಏನ್ರೀ ಇದು, ಕುಡದಾಳೇನು ಅಕಿ?"

ಆಟ ಬರುವ ಹುಡುಗರು ಪರದೆಯಲ್ಲಿ ಹಾದುಹೋಗುತ್ತಿದ್ದರು, ಬಾಣದ ಹಾಗೆ ನೇರ. ಆ ದಿನ ಯಾರೂ ನಿಲ್ಲಲಿಲ್ಲ. ಗುರುವಾರವೂ ಇಲ್ಲ. ಶನಿವಾರ ಒಬ್ಬ ಎತ್ತರದ ಗಂಡಸು, ಎಲ್ಲರಿಗಿರುವ ಹಾಗೆ ಸಣ್ಣ ನಡುವಿನವನು, ಗುಡಿಸಲುಗಳ ಕಡೆಯಿಂದ ಬಂದ. ಎರಡು ಹೆಜ್ಜೆ ಬಂದು ನಿಂತ. ಬಂಡೆಗೆ ಡಿಕ್ಕಿ ಹೊಡೆದ. ಹಿಂದೆ ಸರಿಯಲು ಹೋಗಿ ಬೇಲಿಯಲ್ಲಿ ಸಿಕ್ಕಿಕೊಂಡ. ಬಿಡಿಸಿಕೊಂಡು ಬಂದವನು ನದಿಯ ಕಡೆ ಮುಖ ಮಾಡಿ, ಏನೂ ಮಾಡದೆ, ಬಹಳ ಹೊತ್ತು ನಿಂತ.

ಕಲಬುರಗಿಯವನು ತಲೆ ಎತ್ತಿ ನೋಡಿದ. "ಅಣ್ಣಾರ, ಇವ ಥೇಟ್ ನಿಮ್ಮಂಗೇ ಆಡ್ಲತ್ತಾನ."

ಅವನು ತಮಾಷೆಗೆ ಹೇಳಿದ್ದು. ನಾನು ಫೋನನ್ನು ಕಣ್ಣಿಗೆ ಹತ್ತಿರ ಹಿಡಿದೆ. ಆಟ ಬರುವವರು ಹೀಗೆ ನಡೆಯುವುದಿಲ್ಲ. ಒಂದು ಕೈಯಲ್ಲಿ ಆಡುವವರೂ ಹೀಗೆ ನಡೆಯುವುದಿಲ್ಲ, ನನ್ನ ಹೆಂಡತಿ ಮೆಲ್ಲಗೆ ನಡೆದರೂ ಎಲ್ಲಿಗೂ ಡಿಕ್ಕಿ ಹೊಡೆಯುತ್ತಿರಲಿಲ್ಲ. ಬೇರೆಯವರ ಫೋನನ್ನು ಹಿಡಿದುಕೊಂಡವರು ಮಾತ್ರ ಹೀಗೆ ನಡೆಯುತ್ತಾರೆ.

ಒತ್ತತೊಡಗಿದೆ. ಬೆರಳು ತಪ್ಪಿತು, ಅಳಿಸಿ ಮತ್ತೆ ಒತ್ತಿದೆ. ನನ್ನ ಹೆಂಡತಿ ಇಲ್ಲಿ ಕೂರುತ್ತಿದ್ದಳು. ಈ ಮಳೆಗಾಲದಲ್ಲಿ ತೀರಿಕೊಂಡಳು. ನಿಮಗೆ ಹೇಳುವುದು ಬಾಕಿ ಇತ್ತು.

"ಕನ್ನಡದಾಗ ಬರದ್ರ ಅದಕ್ಕ ತಿಳೀತದೇನ್ರಿ?" ಎಂದ ಕಲಬುರಗಿಯವನು.

ಹೌದಲ್ಲ. ಅದೇ ಮಾತನ್ನು ನನ್ನ ಕಾರ್ಖಾನೆಯ ಹಿಂದಿಯಲ್ಲಿ ಹಾಕಿದೆ. ಆಮೇಲೆ ಇಂಗ್ಲಿಷಿನಲ್ಲಿ, ರಜೆಯ ಅರ್ಜಿಯಲ್ಲಿ ಬರೆಯುವ ಹಾಗೆ. ಮೂರನ್ನೂ ಕಳಿಸಿದೆ. ಮೂರು ಸಾಲೂ ಕೂದಲು ಬಿಚ್ಚಿದವಳ ತಲೆಯ ಮೇಲೆ ತೇಲಿ ನಿಂತವು.

ಆ ಗಂಡಸು ನಿಧಾನವಾಗಿ, ತಪ್ಪು ದಿಕ್ಕಿಗೆ ಒಂದು ಸುತ್ತು ಹಾಕಿ, ನನ್ನ ಕಡೆ ತಿರುಗಿದ. ಅವನ ತಲೆಯ ಮೇಲೆ ಸಣ್ಣ ಲೇಖನಿಯ ಚಿತ್ರ ಮೂಡಿತು. ಬರೆಯುತ್ತಿದ್ದಾರೆ ಎಂದು ಅದರರ್ಥ, ಹುಡುಗಿ ತೋರಿಸಿಕೊಟ್ಟಿದ್ದಳು. ಚಿತ್ರ ಮೂಡಿತು, ಅಳಿಸಿತು, ಮತ್ತೆ ಮೂಡಿತು. ಅವರಿಗೂ ಬೆರಳು ತಪ್ಪುತ್ತಿತ್ತು.

ಸುದ್ದಿ ಮುಟ್ಟಿಸಲು ಇಷ್ಟು ದೂರ ಬಂದವನಿಗೆ, ಅತ್ತ ಕಡೆಯಿಂದಲೂ ಅಂಥದೇ ಒಂದು ಸುದ್ದಿ ಇರಬಹುದೆಂದು ಎಂದೂ ಅನ್ನಿಸಿರಲಿಲ್ಲ. ಇಷ್ಟು ಚಿಂತೆ ಮಾಡುವ ನಾನು, ಅದೊಂದನ್ನು ಬಿಟ್ಟಿದ್ದೆ. ಅಲ್ಲಿಯವರೆಗೆ ನನ್ನ ಹೆಂಡತಿಯನ್ನು ಇದ್ದಾಳೆಂದೇ ಕಾಯುತ್ತಿರುವವರು ಎಲ್ಲಿಯೋ ಒಬ್ಬರಿದ್ದರು. ಅದು ಹಿಂಸೆ ಎಂದು ಅವಳು ಹೇಳುತ್ತಿದ್ದಳು. ನನಗೆ ಅದೊಂದೇ ಆಸರೆಯಾಗಿತ್ತೆಂದು ಆ ಲೇಖನಿ ಮೂರನೆಯ ಸಲ ಮೂಡಿದಾಗ ತಿಳಿಯಿತು.

ಫೋನನ್ನು ಆರಿಸಿಬಿಟ್ಟೆ.

"ಯಾಕ್ರೀ ಅಣ್ಣಾರ? ಬರೀಲತ್ತಿದ್ನಲ್ಲ ಅವ."

"ಚಾರ್ಜ್ ಮುಗಿಯಿತು," ಎಂದೆ.

ಅವನು ನೋಡಿದ್ದ. ಪರದೆಯ ಮೂಲೆಯಲ್ಲಿ ಬ್ಯಾಟರಿ ತುಂಬಿಕೊಂಡಿದ್ದದ್ದು ಅವನ ಕಣ್ಣೆದುರಿಗೇ ಇತ್ತು. 

"ಆಯ್ತ್ ಬಿಡ್ರಿ," ಎಂದ. "ಹೊರಗ ಹೋಗಿ ಚಾ ತರ್ರಿ. ನಿಮಗ ಪೂರಾ, ನನಗ ಅರ್ಧ."

ಎದ್ದು ಹೋಗಿ ತಂದೆ. ಇಬ್ಬರೂ ಕುಡಿದೆವು.